ಗೇಲಿ ಮಾಡದ ನೆಂಟ

ಕಿಟ್ವೆಯ ತಾಮ್ರದ ಕಾರ್ಖಾನೆ. ಲಾರಿ ತೂಗುವ ವೇಬ್ರಿಡ್ಜ್ ಪಕ್ಕದಲ್ಲಿ ಕಾವಲುಗಾರ ಸಂಪಾನ ಹೆಣ ಬಿದ್ದಿತ್ತು. ತಲೆಗೆ ಪೆಟ್ಟು. ಮೊದಲು ಕಂಡು ಸುದ್ದಿ ಕೊಟ್ಟವನು ತೂಕದ ಗುಮಾಸ್ತ ಜೆರೆ. ಇನ್‌ಸ್ಪೆಕ್ಟರ್ ಲೋಂಬೆ ಹೆಣದ ಕೋಟಿನ ಜೇಬಿಗೆ ಕೈ ಹಾಕಿದಳು. ತಾಮ್ರದ ತುಂಡು ಸಿಕ್ಕಿತು.

"ಬೇಲಿನೇ ಹೊಲ ಮೇಯ್ತಿತ್ತು," ಎಂದಳು, ಗೇಟಿನಲ್ಲಿ ನೆರೆದವರಿಗೆಲ್ಲ ಕೇಳುವಂತೆ.

ಕೆಲಸಗಾರರು ಸತ್ತರೆ ಕೊಡುವ ಶವಪೆಟ್ಟಿಗೆಯನ್ನು ಇವನಿಗೆ ಕೊಡುವುದಿಲ್ಲ ಎಂದು ಮಧ್ಯಾಹ್ನದೊಳಗೆ ಕಂಪನಿಯವರು ಹೇಳಿದರು. ತಾಮ್ರದ ಬೆಲೆ ಬಿದ್ದು ಊರಿಗೆ ಊರೇ ಅರೆಹೊಟ್ಟೆಯಲ್ಲಿತ್ತು. ಕಳ್ಳನಿಗೆ ಮರುಗುವವರು ಯಾರು?

*

ಕಾರ್ಖಾನೆಯ ತಾಮ್ರ ಲಾರಿಗಳಲ್ಲಿ ಕದ್ದು ಹೊರಹೋಗುತ್ತಿತ್ತು. ಆ ರಾತ್ರಿಯಿಂದ ನಾಪತ್ತೆಯಾಗಿ ಕೊಲೆಯ ಗುಮಾನಿಗೆ ಸಿಲುಕಿದ್ದ ಲಾರಿ ಡ್ರೈವರ್ ಸಿಕ್ಕಿದ. ಹೆಂಡತಿಯ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದ, ದಾದಿಯರೇ ಸಾಕ್ಷಿ. ಲೋಂಬೆ ಕೋಟು ಹಿಂದಿರುಗಿಸಲು ಸಾವಿನ ಮನೆಗೆ ಹೋದಳು. ಸಂಪಾನ ಹೆಂಡತಿ ಮ್ವಾಪೆ ಜೇಬಿನೊಳಗೆ ಕೈ ತೂರಿಸಿದಳು. ಬೆರಳು ಕೆಳಗಿನಿಂದ ಹೊರಬಂದವು.

"ಎರಡೂ ಜೇಬು ತೂತು, ಮೇಡಂ. ಹೊಲ್ಕೊಡು ಅಂತಿದ್ರು, ನಾನು ಹೊಲೀಲಿಲ್ಲ. ಇದ್ರಲ್ಲಿ ತಾಮ್ರ ಹೆಂಗೆ ನಿಲ್ತು?"

ಓಡಾಡುವ ಮನುಷ್ಯನ ಜೇಬಿನಿಂದ ಅದು ಯಾವಾಗಲೋ ಬಿದ್ದುಹೋಗುತ್ತಿತ್ತು. ನೆಲಕ್ಕೊರಗಿದ ಹೆಣದ ಜೇಬಿಗೆ ಯಾರೋ ತುರುಕಿದ್ದರು. ಲೋಂಬೆಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

*

ಅಂಗಳದಲ್ಲಿ ಗಂಡಸರು ಬೆಂಕಿಯ ಸುತ್ತ ಕೂತಿದ್ದರು, ಜೆರೆಯೂ ಅವರಲ್ಲಿದ್ದ. ಸಂಪಾ ಬೆಂಬಾ ಕುಲದವನು. ಜೆರೆ ಅಂಗೋನಿ ಕುಲದವನು. ಹಿಂದೆ ಕಾದಾಡಿದ ಕುಲಗಳು ಈಗ ಗೇಲಿಯ ನೆಂಟರು. ಬೆಂಬಾ ಸತ್ತರೆ ಅಂಗೋನಿಗಳು ಬಂದು ಹೆಣವನ್ನೇ ಹೀಯಾಳಿಸಿ ಅಳುವವರನ್ನು ನಗಿಸಬೇಕು.

"ಕೋತಿ ತಿನ್ನೋ ಬಾಯಿ ಒಂದು ಕಮ್ಮಿ ಆಯ್ತು," ಎಂದು ಅಂಗೋನಿ ಮುದುಕನೊಬ್ಬ ಬೆಂಬಾಗಳ ಮೇಲಿನ ಹಳೇ ಗೇಲಿ ತೆಗೆದ. ಮ್ವಾಪೆಯೂ ನಕ್ಕಳು.

ಇಂಥ ಮಾತಿನಲ್ಲಿ ಜೆರೆಯದು ಎತ್ತಿದ ಕೈ. ಇವತ್ತು ಬಾಯಿಗೆ ಬೀಗ. ಬೆಂಬಾ ಹೆಣ್ಣಾದ ಲೋಂಬೆ ಅವನೆದುರು ಕೂತಳು.

"ಏನಯ್ಯಾ ಇಲಿ ತಿನ್ನೋನೆ, ನಿನ್ನ ನೆಂಟ ಸತ್ತಿದ್ದಾನೆ. ಒಂದು ಮಾತು ಬಯ್ಯಿ."

ಜೆರೆ ಬೆಂಕಿಗೆ ಇನ್ನೊಂದು ಕಟ್ಟಿಗೆ ಒಡ್ಡಿದ.

"ಕಳ್ಳ ಅನ್ನು. ಊರೆಲ್ಲಾ ಅಂತಿದೆಯಲ್ಲ."

"ಆಗಲ್ಲ ಮೇಡಂ." ಅವನು ಮುಖ ಮುಚ್ಚಿಕೊಂಡ. "ಯಾವ ಬಾಯಲ್ಲಿ ಅನ್ನಲಿ?"

"ಹೆಚ್ಚು ತಾಮ್ರ ತುಂಬಿದ ಲಾರಿ ಗೇಟು ದಾಟಬೇಕಾದ್ರೆ ತೂಕದೋನು ಸುಳ್ಳು ಹೇಳಬೇಕು. ಅದು ನೀನು. ಹೆಣದ ಹತ್ರ ಮೊದಲು ಇದ್ದೋನೂ ನೀನೇ. ಜೇಬು ತೂತು ಅಂತ ಮಾತ್ರ ನಿಂಗೆ ಗೊತ್ತಾಗಲಿಲ್ಲ."

"ಲಾರಿಗೆ ಅಡ್ಡ ನಿಂತ. ತಳ್ಳಿದೆ ಅಷ್ಟೆ. ತಲೆ ಕಬ್ಬಿಣಕ್ಕೆ ಬಡೀತು."

ಪೇದೆಗಳು ಜೆರೆಯನ್ನು ಕರೆದೊಯ್ದರು. ಲೋಂಬೆ ಕಂಪನಿಗೆ ಫೋನ್ ಮಾಡಿ, ಮ್ವಾಪೆಯ ಬಳಿ ಬಂದಳು.

"ಪೆಟ್ಟಿಗೆ ಕಳಿಸ್ತಾರಮ್ಮ. ತಪ್ಪು ನಂದು."

"ಒಳ್ಳೇದಾಯ್ತು," ಎಂದಳು ಮ್ವಾಪೆ. "ಈ ಬೀದಿ ಪೂರ್ತಿ ನನ್ನ ಮಕ್ಕಳನ್ನ ಕಳ್ಳನ ಮಕ್ಕಳು ಅಂತಿದೆ. ಅವರಿಗೆಲ್ಲ ಯಾರು ಹೇಳ್ತಾರೆ?"

ಲೋಂಬೆ ಟೋಪಿ ತೆಗೆದು ಕೈಯಲ್ಲಿ ಹಿಡಿದಳು. ಪಕ್ಕದ ಮನೆಗೆ ಹೋಗಿ ಬಾಗಿಲು ತಟ್ಟಿದಳು.