ಮೂರರಲ್ಲಿ ಚಿಕ್ಕದು

"ಹೇಳಮ್ಮ ಮಂಗಳಾ, ಮೂರರಲ್ಲಿ ಯಾವ್ದು ನುಡಿಸ್ಲಿ?"

ಅಪ್ಪ ಬ್ಯಾರಿಟೋನ್ ಹಾರ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದರು. ಸರ್ವಮಂಗಳಾ ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. ಆ ಹಿತ್ತಾಳೆ ವಾದ್ಯ ಕಂಡರೆ ಅವಳಿಗೆ ಎಲ್ಲಿಲ್ಲದ ನಾಚಿಕೆ.

ಅಪ್ಪ ಸಿದ್ದಬಸಪ್ಪನವರು ಹಗಲು ತರಗುಪೇಟೆಯ ಬೇಳೆ ಮಂಡಿಯಲ್ಲಿ ಗುಮಾಸ್ತರು, ಸಂಜೆ ಚಾಮರಾಜಪೇಟೆಯ ಬ್ಯಾಂಡಿನಲ್ಲಿ ವಾದ್ಯಗಾರರು. ಬ್ಯಾಂಡಿನಲ್ಲಿ ಹಾಡು ನುಡಿಸುವುದು ಕಾರ್ನೆಟ್ ಎಂಬ ಪುಟ್ಟ ತುತ್ತೂರಿಯವರು. ಬ್ಯಾರಿಟೋನಿನ ಪಾಲಿಗೆ ಬರುವುದು ಅದರ ಹಿಂದಿನ ಪೊಂ... ಪೊಂ ಮಾತ್ರ. ಮನೆಯಲ್ಲಿ ಅಪ್ಪ ಅಭ್ಯಾಸ ಮಾಡುತ್ತಿದ್ದುದೂ ಅದನ್ನೇ. ಒಂದು ಪೊಂ, ಆಮೇಲೆ ಕಾಲಲ್ಲಿ ತಾಳ ಹಾಕುತ್ತ ಸುಮ್ಮನೆ ಕಾಯುವುದು, ಮತ್ತೊಂದು ಪೊಂ. ಹಾಡಿನ ಸುಳಿವೇ ಇಲ್ಲ!

ಬೀದಿಯ ಮಕ್ಕಳಿಗೆ ಇದಕ್ಕಿಂತ ತಮಾಷೆ ಇನ್ನೇನು ಬೇಕು? ಮಂಗಳಾ ಸ್ಕೂಲಿಗೆ ಹೊರಟರೆ ಸಾಕು, ಗೆಳತಿ ಶಿವಕುಮಾರಿಯೇ ಎಲ್ಲರಿಗಿಂತ ಮೊದಲು ಕೆನ್ನೆ ಉಬ್ಬಿಸುತ್ತಿದ್ದಳು.

"ಪೊಂ... ಪೊಂ... ದಾರಿ ಬಿಡ್ರೇ, ಮಂಗಳಾ ಬಂದ್ಲು!"

ಈಗ ನೋಡಿದರೆ ಬ್ಯಾಂಡ್ ಮಾಸ್ಟರು, "ಸಿದ್ದಬಸಪ್ಪ, ಈ ಭಾನುವಾರ ಪಾರ್ಕಲ್ಲಿ ನಿಮ್ದೊಂದು ಸೋಲೋ. ಒಂದೇ ಒಂದು. ಯಾವ್ದು ಅಂತ ನೀವೇ ಆರಿಸ್ಕೊಳ್ಳಿ" ಅಂದುಬಿಟ್ಟಿದ್ದರು. ಸೋಲೋ ಅಂದರೆ ಹಾಡು ಪೂರ್ತಿ ಅಪ್ಪನದೇ. ಬ್ಯಾಂಡು ಸೇರಿದ ಮೇಲೆ ಇದೇ ಮೊದಲು. ಆದರೆ ಆ ಪಾರ್ಕಿಗೆ ಶಿವಕುಮಾರಿಯ ಮನೆಯವರೆಲ್ಲ ಬರುತ್ತಾರಲ್ಲ!

"ಒಂದು ಇಂಗ್ಲಿಷರ ಕುಣಿತದ ವಾಲ್ಟ್ಸು, ಮಾಸ್ಟರಿಗೆ ಇಷ್ಟ," ಎಂದರು ಅಪ್ಪ. "ಇನ್ನೊಂದು ಕಲ್ಯಾಣಿ ರಾಗದ್ದು. ಉದ್ದ ಇದೆ, ಉಸಿರು ಸಾಲಲ್ಲ, ಆದ್ರೂ..." ಮಾತು ನಿಲ್ಲಿಸಿ ಹಾರ್ನನ್ನು ಪಂಚೆಯ ಅಂಚಿನಿಂದ ಒರೆಸಿದರು. "ಆಮೇಲೆ ಒಂದು ಜೋಗುಳ. ಶುರುವಾಗೋದ್ರೊಳಗೆ ಮುಗ್ದೋಗುತ್ತೆ."

ಅಪ್ಪನಿಗೆ ಯಾವುದು ಬೇಕೆಂದು ಮಂಗಳಾಗೆ ಚೆನ್ನಾಗಿ ಗೊತ್ತಿತ್ತು. ಆ ಕಲ್ಯಾಣಿಯನ್ನು ಅವರು ಸ್ನಾನ ಮಾಡುವಾಗಲೂ ಗುನುಗುತ್ತಿದ್ದರು.

"ಜೋಗುಳಾನೇ ನುಡಿಸಿ ಅಪ್ಪ," ಎಂದಳು.

ಅಪ್ಪ ಅವಳ ಲೆಕ್ಕದ ಪುಸ್ತಕದ ಕಡೆ ಒಮ್ಮೆ ನೋಡಿದರು. "ಹಾಗಾದ್ರೆ ಅದೇ ಆಗ್ಲಿ," ಎಂದು ನಕ್ಕು ಬ್ಯಾಂಡಿನ ಕೋಣೆಗೆ ಅಭ್ಯಾಸಕ್ಕೆ ಹೊರಟರು. ಸದ್ಯ, ಬದುಕಿಕೊಂಡೆ ಎಂದು ಮಂಗಳಾ ಲೆಕ್ಕ ಮುಂದುವರಿಸಿದಳು.

ಭಾನುವಾರ ಸಂಜೆ ಬಸವನಗುಡಿಯ ಪಾರ್ಕು ತುಂಬಿಹೋಗಿತ್ತು. ಪುಟ್ಟ ತಮ್ಮನಿಗೆ ಜ್ವರ, ಅಮ್ಮ ಮನೆಯಲ್ಲೇ ಉಳಿದಿದ್ದರು. ಮಂಗಳಾ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಳು. ಆದರೂ ಶಿವಕುಮಾರಿ ಹುಡುಕಿಕೊಂಡು ಬಂದು ಪಕ್ಕದಲ್ಲೇ ಕೂತಳು.

ಅಪ್ಪ ಎದ್ದು ನಿಂತರು. ಹಾರ್ನ್ ತುಟಿಗೆ ಹಿಡಿಯುವ ಮೊದಲು ಗಂಟಲು ಸರಿಮಾಡಿಕೊಂಡರು.

"ಈ ಜೋಗುಳ ಆರಿಸಿದ್ದು ನನ್ನ ಮಗಳು ಸರ್ವಮಂಗಳಾ. ಅಗೋ, ಅಲ್ಲಿ ಕೂತಿದಾಳೆ."

ಪಾರ್ಕಿಗೆ ಪಾರ್ಕೇ ತಿರುಗಿ ನೋಡಿತು.

ಆಮೇಲೆ ಹಾರ್ನ್ ಹಾಡಿತು. ಮನೆಯಲ್ಲಿ ಪೊಂ ಅನ್ನುತ್ತಿದ್ದುದು ಇದೇನಾ? ತಮ್ಮನನ್ನು ಮಲಗಿಸುವಾಗ ಅಪ್ಪನ ದನಿ ಹೀಗೇ ಮೆತ್ತಗಾಗುತ್ತಿತ್ತು. ಈಗ ಕಾರ್ನೆಟ್ಟಿನವರೇ ಅಪ್ಪನ ಹಿಂದೆ ಪೊಂ... ಪೊಂ ಅನ್ನುತ್ತಿದ್ದರು. ಇನ್ನೂ ಕೇಳಬೇಕು ಅನ್ನಿಸುವಷ್ಟರಲ್ಲಿ ಅದು ಮುಗಿದೇಹೋಯಿತು.

"ಇನ್ನೊಂದು! ಇನ್ನೊಂದು!" ಜನ ಚಪ್ಪಾಳೆ ತಟ್ಟಿ ಕೂಗಿದರು. ಮಾಸ್ಟರು ಹೊತ್ತಾಯಿತೆಂದು ಕೈಯಾಡಿಸಿದರು. ಅಪ್ಪ ಎಲ್ಲರಿಗೂ ಕೈಮುಗಿದು ಕುಳಿತುಬಿಟ್ಟರು.

"ನೀನೇ ಆರಿಸಿದ್ದೇನೇ? ಎಷ್ಟು ಚೆನ್ನಾಗಿತ್ತು ಕಣೇ!" ಶಿವಕುಮಾರಿ ಅವಳ ಕೈ ಹಿಡಿದು ಕುಲುಕಿದಳು.

ಮಂಗಳಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ಇಷ್ಟು ದಿನ ಅಪ್ಪನ ವಾದ್ಯ ಕಂಡು ನಾಚುತ್ತಿದ್ದಳು. ಈಗ ತನ್ನನ್ನು ಕಂಡರೆ ತನಗೇ ನಾಚಿಕೆಯಾಗಿ, ಕಿವಿಯವರೆಗೂ ಮುಖ ಬಿಸಿಯಾಯಿತು.

ಅಪ್ಪನ ಜೊತೆ ಮನೆಯ ಕಡೆ ನಡೆಯುವಾಗ ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪ, ನಾನು ಜೋಗುಳ ಅಂದಿದ್ದು..." ಅವಳು ಅಪ್ಪನ ತೋಳು ಹಿಡಿದಳು. "ಅದು ಬೇಗ ಮುಗ್ದೋಗ್ಲಿ ಅಂತ. ಎಲ್ರೂ ನಗ್ತಾರೆ ಅಂತ."

ಅಪ್ಪ ಹಾರ್ನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಅವತ್ತೇ ಗೊತ್ತಾಯ್ತಮ್ಮ," ಎಂದರು ಮೆಲ್ಲಗೆ.

"ಮತ್ತೆ ಯಾಕೆ ಅಲ್ಲಿ ನನ್ನ ಹೆಸರು ಹೇಳಿದ್ರಿ?"

"ಕೇಳಿದ್ದು ನಾನು, ಆರಿಸಿದ್ದು ನೀನು. ಅದು ನಿಜ ತಾನೆ?"

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಮಂಗಳಾ ಲಂಗದ ತುದಿಯಿಂದ ಕಣ್ಣು ಒರೆಸಿಕೊಂಡಳು. ಜಟಕಾ ಗಾಡಿಯೊಂದು ಹಾದುಹೋಗುವವರೆಗೂ ಕಾದು ಕೇಳಿದಳು.

"ಆ ಕಲ್ಯಾಣಿ ಹೇಗಿದೆ ಅಪ್ಪ? ಪೂರ್ತಿ ನುಡಿಸ್ತೀರಾ?"

"ಈಗ್ಲಾ? ಬೀದೀಲಾ?"

"ಹೂಂ."

ಅಪ್ಪ ಅವಳ ಮುಖವನ್ನೊಮ್ಮೆ ನೋಡಿ ಹಾರ್ನ್ ಎತ್ತಿದರು. ನಡೆಯುತ್ತಲೇ ನುಡಿಸಿದರು. ಜಗುಲಿಗಳ ಮೇಲಿದ್ದವರು ಮಾತು ನಿಲ್ಲಿಸಿದರು, ಮಕ್ಕಳು ಹೊರಗೆ ಓಡಿ ಬಂದರು. ಮಂಗಳಾ ಅಪ್ಪನ ಪಕ್ಕದಲ್ಲೇ ನಡೆದಳು. ಅವರು ಉಸಿರಿಗೆಂದು ನಿಂತಾಗ ತಾನೂ ನಿಂತಳು.

ಹಾಡು ನಿಜಕ್ಕೂ ಉದ್ದವಾಗಿತ್ತು. ಮನೆ ಬಂದರೂ ಮುಗಿದಿರಲಿಲ್ಲ. ಅಮ್ಮ ಬಾಗಿಲು ತೆರೆದು, "ಒಳಗೆ ಬನ್ನಿ, ಊಟ ಆರೋಗುತ್ತೆ" ಎಂದರು. ಮಂಗಳಾ ತುಟಿಯ ಮೇಲೆ ಬೆರಳಿಟ್ಟು, ಹೊಸ್ತಿಲ ಹೊರಗೇ ನಿಂತಳು.