ಅಂಜನಕೇತುವಿನ ಓಲೆಯಲ್ಲಿಲ್ಲದ ದಾರಿ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ನೀಲಕುಂದವೆಂಬ ನಾಡಿತ್ತು. ಅಲ್ಲಿಯ ದೊರೆ ವೀರಸೋಮನಿಗೆ ಒಮ್ಮೆ ವಿಷಮಜ್ವರ ಬಂತು. ವೈದ್ಯರೆಲ್ಲ ಕೈಚೆಲ್ಲಿ ಕುಳಿತಾಗ ಅಂಜನಕೇತು ಎಂಬ ಮಾಂತ್ರಿಕ ಅರಮನೆಗೆ ಬಂದು ದೊರೆಯ ಹಣೆಯ ಮೇಲೆ ಕೈಯಿಟ್ಟ. ಜ್ವರ ಇಳಿಯಿತು.

"ಏನು ಬೇಕೋ ಕೇಳು, ಕೊಡುತ್ತೇನೆ" ಎಂದ ದೊರೆ.

"ವರ್ಷಕ್ಕೊಂದು ದಿನ ನನ್ನ ಜೊತೆ ಆಟವಾಡಲು ಮೂವರನ್ನು ಕೊಡಿ. ಹತ್ತು ವರ್ಷ ಆಡೋಣ. ಒಮ್ಮೆ ನೀವು ಗೆದ್ದರೂ ನಾನು ಹೊರಟುಹೋಗುತ್ತೇನೆ. ಹತ್ತು ಸಲವೂ ನಾನೇ ಗೆದ್ದರೆ ಸಿಂಹಾಸನ ನನ್ನದು" ಎಂದ ಮಾಂತ್ರಿಕ.

ಆಟ ತಾನೆ ಎಂದು ದೊರೆ ಮಾತು ಕೊಟ್ಟ. ಎಂಥ ಆಟ ಎಂದು ಆಮೇಲೆ ಕೇಳಿದ.

ಆಟ ಹೀಗಿತ್ತು. ಸಭೆಯ ನಡುವೆ ಮಂಚದಷ್ಟು ಅಗಲದ ಹರಿವಾಣ, ಅದರ ತುಂಬ ಕಪ್ಪು ಮರಳು. ಅಂಜನಕೇತು ಕತೆ ಹೇಳುತ್ತಾನೆ. ಅವನು ಕಾಡು ಎಂದರೆ ಮರಳಿನಲ್ಲಿ ಬೆರಳುದ್ದದ ಮರಗಳು ಏಳುತ್ತವೆ, ಹೊಳೆ ಎಂದರೆ ನೀರು ಹರಿಯುತ್ತದೆ. ಆಡುವ ಮೂವರ ಹೋಲಿಕೆಯ ಮೂರು ಪುಟ್ಟ ಆಕಾರಗಳೂ ಎದ್ದು ನಿಲ್ಲುತ್ತವೆ. ಆ ಲೋಕದಲ್ಲಿ ತಾವು ಏನು ಮಾಡುತ್ತೇವೆಂದು ಮೂವರೂ ಹೇಳಬೇಕು, ಹೇಳಿ ಆರು ಕವಡೆ ಎಸೆಯಬೇಕು. ಮೂರೋ ಹೆಚ್ಚೋ ಕವಡೆ ಬಾಯಿ ಮೇಲಾಗಿ ಬಿದ್ದರೆ ಹೇಳಿದ್ದು ನಡೆಯುತ್ತದೆ. ಕಡಿಮೆ ಬಿದ್ದರೆ ಕೆಡುತ್ತದೆ. ಮರಳಿನ ಕೋಟೆಯೊಳಗಿನ ಕೆಂಪು ಬಾಗಿಲು ತೆರೆದರೆ ಗೆಲುವು. ಸೋತವರು ಕುಳಿತಲ್ಲೇ ಗೇಣುದ್ದದ ಮರದ ಗೊಂಬೆಗಳಾಗುತ್ತಾರೆ. ಮಾಂತ್ರಿಕನಿಗೂ ಕಟ್ಟುಪಾಡಿತ್ತು. ಆಟದಲ್ಲಿ ಕೇಳಿದ್ದಕ್ಕೆ ಅವನು ಉತ್ತರ ಕೊಡಲೇಬೇಕು, ಸುಳ್ಳು ಹೇಳುವಂತಿಲ್ಲ, ಕವಡೆ ಒಪ್ಪಿದ್ದನ್ನು ತಡೆಯುವಂತಿಲ್ಲ.

ಒಂಬತ್ತು ವರ್ಷ ನಾಡಿನ ವೀರರೆಲ್ಲ ಹೋಗಿ ಕುಳಿತರು. ಅಂಜನಕೇತುವಿನ ಬಳಿ ದಪ್ಪನೆಯ ಓಲೆಗರಿಯ ಕಟ್ಟಿತ್ತು. ಯಾವ ತಿರುವಿನಲ್ಲಿ ಯಾವ ಮೃಗ ಹಾಯಬೇಕು, ಯಾವ ಅಂಗಳದಲ್ಲಿ ಯಾರು ಬೀಳಬೇಕು ಎಲ್ಲವನ್ನೂ ಅದರಲ್ಲಿ ಮೊದಲೇ ಬರೆದಿಟ್ಟಿದ್ದ. ಅವನು ಕೊಟ್ಟ ಕತ್ತಿ ಹಿಡಿದು, ಅವನು ತೋರಿದ ದಾರಿಯಲ್ಲೇ ನಡೆದು, ವೀರರು ಅವನು ಬರೆದ ಜಾಗದಲ್ಲೇ ಬಿದ್ದರು. ಸಭೆಯ ಗೋಡೆಯ ಗೂಡಿನಲ್ಲಿ ಇಪ್ಪತ್ತೇಳು ಗೊಂಬೆಗಳು ಸಾಲಾಗಿ ನಿಂತವು.

ಹತ್ತನೆಯ ವರ್ಷ ಬಂತು. ಡಂಗುರ ಹೊಡೆಸಿದರೂ ಯಾರೂ ಮುಂದೆ ಬರಲಿಲ್ಲ. ಆಗ ದೊರೆಯ ಮಗಳು ಮಾಣಿಕದೇವಿ ಎದ್ದು, "ಅಪ್ಪಾಜಿ, ಮಾತು ಕೊಟ್ಟದ್ದು ನಮ್ಮ ಮನೆ. ಪ್ರತಿ ಸಲ ಬೇರೆಯವರ ಮಕ್ಕಳನ್ನೇ ಕಳಿಸಿದೆವು. ಈ ಸಲ ನಾನು ಕೂರುತ್ತೇನೆ" ಎಂದಳು. ದೊರೆ ಬೇಡವೆಂದ, ಅವಳು ಕೇಳಲಿಲ್ಲ.

ಎರಡನೆಯವಳಾಗಿ ಬಂದವಳು ಸೂಲಗಿತ್ತಿ ಬಾಳವ್ವ. ಅವಳ ಮಗಳು, ಬಿಲ್ಲುಗಾರ್ತಿ ತುಂಗಿ, ಆರನೆಯ ವರ್ಷ ಆಡಲು ಹೋಗಿ ಗೂಡಿನಲ್ಲಿ ಗೊಂಬೆಯಾಗಿ ನಿಂತಿದ್ದಳು. ಮೂರನೆಯವನು ಬಳೆಗಾರ ಚೆನ್ನಿಗ. ಊರೂರು ತಿರುಗಿ ಬಳೆ ತೊಡಿಸುವವನು, ಬಾಯಿ ತುಂಬ ಮಾತಿನವನು. "ನೀನ್ಯಾಕಪ್ಪ ಬಂದೆ?" ಎಂದು ಬಾಳವ್ವ ಕೇಳಿದಳು. "ಹೋದ ವರ್ಷ ನನ್ನ ಗೆಳೆಯ ಹೋದ, ಅವ್ವ. ಆಗ ನಾನು ಹೆದರಿ ಸಂತೆಯಲ್ಲಿ ಅಡಗಿದ್ದೆ. ಅವತ್ತಿನಿಂದ ಬಳೆ ಬೇಕೇ ಬಳೆ ಎಂದು ಕೂಗಲೂ ದನಿ ಬರುತ್ತಿಲ್ಲ" ಎಂದ ಅವನು.

ಹೊತ್ತು ಮೂಡಿದಾಗ ಮೂವರೂ ಹರಿವಾಣದ ಸುತ್ತ ಕುಳಿತರು. ಅಂಜನಕೇತು ಕತ್ತಿ, ಗುರಾಣಿ, ಬಿಲ್ಲು ಮುಂದಿಟ್ಟ. ಬಾಳವ್ವ ಕತ್ತಿಯನ್ನು ಎತ್ತಿ ನೋಡಿ ಕೆಳಗಿಟ್ಟಳು. "ಇದನ್ನು ಹಿಡಿಯೋಕೆ ನನಗೆ ಬರಲ್ಲ. ನನ್ನ ಚೀಲ ಸಾಕು" ಎಂದಳು. ಚೆನ್ನಿಗ ತನ್ನ ಬಳೆಯ ಮಲಾರವನ್ನೇ ಹೆಗಲಿಗೇರಿಸಿಕೊಂಡ. ಮಾಣಿಕದೇವಿಯೂ ಕೈ ಚಾಚಲಿಲ್ಲ. ಮಾಂತ್ರಿಕ ನಸುನಕ್ಕು ಮೊದಲ ಓಲೆ ತೆಗೆದ.

"ಇದೋ ಕಾಡು. ಕಾಡಿನ ನಡುವೆ ಒಂದೇ ದಾರಿ. ದಾರಿಗೆ ಅಡ್ಡವಾಗಿ ಎರಡು ತಲೆಯ ಹುಲಿ. ಹೊಟ್ಟೆ ಜೋತಿದೆ. ನೆಲ ಕೆರೆಯುತ್ತ, ನಿಂತಲ್ಲಿ ನಿಲ್ಲದೆ ಸುತ್ತುತ್ತ, ಬಿಟ್ಟು ಬಿಟ್ಟು ಗರ್ಜಿಸುತ್ತಿದೆ. ಹೇಗೆ ಕಾದಾಡುತ್ತೀರಿ?"

ಬಾಳವ್ವ ಮುಂದೆ ಬಗ್ಗಿ ನೋಡಿದಳು. "ಬಿಟ್ಟು ಬಿಟ್ಟು ಅಂದ್ರಾ?"

"ಹೌದು."

"ಗರ್ಜನೆ ಮೊದಲಿಗಿಂತ ಬೇಗ ಬೇಗ ಬರ್ತಾ ಇದೆಯಾ?"

ಸುಳ್ಳು ಹೇಳುವಂತಿರಲಿಲ್ಲ. ಮಾಂತ್ರಿಕ ಹುಲಿಯನ್ನು ನೋಡಿ, "ಹೌದು" ಎಂದ.

"ಹಾಗಾದ್ರೆ ಅದು ಕಾದಾಡೋಕೆ ನಿಂತಿಲ್ಲ. ಹೆರಿಗೆ ನೋವು ತಿಂತಾ ಇದೆ. ನಾನು ಹತ್ತಿರ ಹೋಗಿ ಅದರ ಬೆನ್ನು ನೀವುತ್ತೇನೆ."

"ಇದು ಕೊಲ್ಲಬೇಕಾದ ಹುಲಿ" ಎಂದ ಅಂಜನಕೇತು. ಓಲೆಯನ್ನು ಮತ್ತೊಮ್ಮೆ ಓದಿದ. ಅದು ಗಂಡೋ ಹೆಣ್ಣೋ ಎಂದು ಅವನು ಬರೆದಿರಲೇ ಇಲ್ಲ.

ಬಾಳವ್ವ ಕವಡೆ ಎಸೆದಳು. ನಾಲ್ಕು ಬಾಯಿ ಮೇಲಾದವು. ಮರಳಿನ ಪುಟ್ಟ ಬಾಳವ್ವ ಸೆರಗು ಸಿಕ್ಕಿಸಿ ಹುಲಿಯ ಬಳಿ ಹೋಗಿ ಕುಳಿತಳು. ಹುಲಿ ಒಂದು ತಲೆಯಿಂದ ಗುರುಗುಟ್ಟಿತು, ಇನ್ನೊಂದು ತಲೆಯನ್ನು ಅವಳ ತೊಡೆಯ ಮೇಲಿಟ್ಟಿತು. ಅರ್ಧ ತಾಸಿನಲ್ಲಿ ಎರಡು ಮರಿಗಳು ಹುಟ್ಟಿದವು. ಇಡೀ ಸಭೆ ಉಸಿರು ಬಿಟ್ಟಿತು. ದಾರಿ ಬಿಟ್ಟ ಹುಲಿ ಮರಿಗಳನ್ನು ಕಚ್ಚಿಕೊಂಡು ಮೂವರ ಹಿಂದೆಯೇ ನಡೆಯಿತು.

ಅಂಜನಕೇತು ಆರು ಓಲೆಗಳನ್ನು ಒಟ್ಟಿಗೇ ಮಗುಚಿದ. ಹುಲಿಯ ಜೊತೆ ನಡೆಯುವವರಿಗೆ ಕಾಡಿನ ಕಳ್ಳರೂ ತೋಳಗಳೂ ಎದುರಾಗಲು ಒಪ್ಪಲಿಲ್ಲ.

"ಇದೋ ಕೋಟೆ" ಎಂದ, ದನಿ ಸರಿಪಡಿಸಿಕೊಂಡು. "ಒಳಗೆ ಏಳು ಬೆಂಕಿಯಂಗಳಗಳು. ಹೆಬ್ಬಾಗಿಲಲ್ಲಿ ಒಬ್ಬ ಮುದಿ ಕಾವಲುಗಾರ ಇದ್ದಾನೆ. ಅವನನ್ನು ದಾಟಿ ಒಳಗೆ ಕಾಲಿಟ್ಟರೆ..."

"ಅವರ ಹೆಸರೇನು?" ಎಂದು ಕೇಳಿದ ಚೆನ್ನಿಗ.

"ಯಾರ ಹೆಸರು?"

"ಕಾವಲಿನವರದು."

ಒಂಬತ್ತು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಓಲೆಯಲ್ಲಿ ಹೆಸರಿರಲಿಲ್ಲ. "ನಿಂಗಯ್ಯ" ಎಂದ ಮಾಂತ್ರಿಕ, ಬಾಯಿಗೆ ಬಂದದ್ದನ್ನು. ಹೇಳಿದ ಕೂಡಲೇ ಮರಳಿನ ಕಾವಲುಗಾರನಿಗೆ ಕಣ್ಣು ಮೂಗು ಮೂಡಿ, ಅವನು ತಲೆ ಎತ್ತಿದ.

"ನಿಂಗಯ್ಯಣ್ಣಾ, ಒಳಗೆ ಹೋಗಲು ಬೇರೆ ದಾರಿ ಉಂಟೇ ಎಂದು ಕೇಳುತ್ತೇನೆ" ಎಂದು ಚೆನ್ನಿಗ ಕವಡೆ ಎಸೆದ. ಎರಡೇ ಬಾಯಿ ಮೇಲಾದವು. ಕಾವಲುಗಾರ ಸಂಶಯದಿಂದ ಈಟಿ ಬೀಸಿದ. ಹರಿವಾಣದ ಈಚೆ ಕುಳಿತ ಚೆನ್ನಿಗನ ಎಡಗೈ ಮೊಣಕೈಯವರೆಗೆ ಮರವಾಯಿತು.

ಮಾಣಿಕದೇವಿ ಅವನ ಭುಜ ಹಿಡಿದಳು. ಚೆನ್ನಿಗ ಮರದ ಕೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. ಆಮೇಲೆ, "ತಪ್ಪು ನನ್ನದೇ, ಅಮ್ಮಣ್ಣಿ. ಗುರುತು ಪರಿಚಯ ಇಲ್ಲದೆ ಮನೆಯ ಗುಟ್ಟು ಕೇಳಿದರೆ ಯಾರು ಹೇಳುತ್ತಾರೆ? ನಾನು ಅವರ ಪಕ್ಕ ಕುಳಿತು ಮಾತಾಡಿಸುತ್ತೇನೆ. ಮನೆಯಲ್ಲಿ ಯಾರಿದ್ದಾರೆ ಅಂತ ಕೇಳುತ್ತೇನೆ" ಎಂದ.

ಈ ಸಲ ಕವಡೆ ಮೂರು ತೆರೆದವು. ಮಾಂತ್ರಿಕ ಹಲ್ಲು ಕಡಿಯುತ್ತ ಕಾವಲುಗಾರನ ಬಾಯಾಗಿ ಮಾತಾಡಬೇಕಾಯಿತು. "ಹೆಂಡತಿ ಇದ್ದಾಳೆ. ಮಗಳೊಬ್ಬಳು."

"ಮಗಳಿಗೆ ಮದುವೆ ಆಯ್ತೇ?"

"ಗೊತ್ತಾಗಿದೆ. ಬರುವ ಸೋಮವಾರ."

"ಬಳೆ ಶಾಸ್ತ್ರಕ್ಕೆ ಯಾರನ್ನು ಕರೆಸಿದ್ದೀರಿ?"

"ಈ ಕೋಟೆಗೆ ಬಳೆಗಾರರು ಬರುವುದಿಲ್ಲವಪ್ಪ. ಇಲ್ಲಿಗೆ ಬರುವವರೆಲ್ಲ ಕತ್ತಿ ಹಿಡಿದೇ ಬರುತ್ತಾರೆ."

ಅದನ್ನು ಹೇಳುವಾಗ ಅಂಜನಕೇತುವಿನ ದನಿ ಅವನದಾಗಿರಲಿಲ್ಲ. ಅದು ನಿಂಗಯ್ಯನ ದನಿಯೇ ಆಗಿತ್ತು. ಮಾಂತ್ರಿಕನಿಗೂ ಅದು ಗೊತ್ತಾಯಿತು. ಅವನು ಬಾಯಿಗೆ ಕೈ ಅಡ್ಡ ಹಿಡಿದ.

ಚೆನ್ನಿಗ ಮಲಾರ ಬಿಚ್ಚಿ, ಒಂದೇ ಕೈಯಲ್ಲಿ ಹಸಿರು ಬಳೆಗಳನ್ನು ಆರಿಸಿ ಮರಳಿನ ಮೇಲಿಟ್ಟ. ಅವು ಅಲ್ಲಿ ಸಾಸಿವೆ ಕಾಳಿನಷ್ಟಾದವು. ನಿಂಗಯ್ಯ ಅವನ್ನು ಪಂಚೆಯ ಅಂಚಿನಲ್ಲಿ ಕಟ್ಟಿಕೊಂಡು, "ಅಡುಗೆಮನೆಯ ಹಿತ್ತಿಲ ಬಾಗಿಲಿಂದ ಬನ್ನಿ. ಬೆಂಕಿಯಂಗಳಕ್ಕೆ ನಮ್ಮವರು ಯಾರೂ ಕಾಲಿಡುವುದಿಲ್ಲ, ಸುಡುತ್ತದೆ" ಎಂದ.

"ಹಾಗಾಗುವಂತಿಲ್ಲ" ಎಂದ ಅಂಜನಕೇತು. "ಆ ಏಳು ಅಂಗಳಗಳನ್ನು ಬರೆಯಲು ನನಗೆ ಏಳು ತಿಂಗಳು ಹಿಡಿಯಿತು. ಕೊನೆಯ ಪಕ್ಷ ಒಂದನ್ನಾದರೂ ನೋಡಿ."

"ಬೇಡಪ್ಪ, ಬಿಸಿಲೇ ಸಾಕಾಗಿದೆ" ಎಂದಳು ಬಾಳವ್ವ. ಸಭೆಯಲ್ಲಿ ಯಾರೋ ನಕ್ಕರು. ಒಂಬತ್ತು ವರ್ಷದಲ್ಲಿ ಆಟದ ದಿನ ಆ ಸಭೆಯಲ್ಲಿ ನಗು ಕೇಳಿದ್ದು ಅದೇ ಮೊದಲು.

ಅಡುಗೆಮನೆ ದಾಟಿದರೆ ಲೋಹಾಸುರನ ಚಾವಡಿ. ಕಬ್ಬಿಣದ ಮೈಯ ರಾಕ್ಷಸ ಕೆಂಪು ಬಾಗಿಲಿಗೆ ಬೆನ್ನು ಕೊಟ್ಟು ಗದೆ ಹಿಡಿದು ನಿಂತಿದ್ದ. ಇಪ್ಪತ್ತೇಳು ವೀರರಲ್ಲಿ ಇಲ್ಲಿಯವರೆಗೆ ಬಂದವರು ಮೂವರು. ಅವರಲ್ಲಿ ತುಂಗಿಯೂ ಒಬ್ಬಳು.

ಮಾಂತ್ರಿಕನ ಮುಖಕ್ಕೆ ಕಳೆ ಮರಳಿತು. "ಇಲ್ಲಿ ಹಿತ್ತಿಲ ಬಾಗಿಲಿಲ್ಲ. ಹೆರಿಗೆಯೂ ಇಲ್ಲ, ಮದುವೆಯೂ ಇಲ್ಲ. ಲೋಹಾಸುರ ಸೋತದ್ದೇ ಇಲ್ಲ. ಹೇಳು ರಾಜಕುಮಾರಿ, ಏನು ಮಾಡುತ್ತೀಯ?"

ಮಾಣಿಕದೇವಿ, "ನಾನು ದೊರೆಯ ಮಗಳು, ನಿನ್ನೊಡನೆ ಸಂಧಿಗೆ ಬಂದಿದ್ದೇನೆ ಎನ್ನುತ್ತೇನೆ" ಎಂದು ಕವಡೆ ಎಸೆದಳು. ಒಂದೇ ಒಂದು ತೆರೆಯಿತು. ಗದೆ ನೆಲಕ್ಕೆ ಅಪ್ಪಳಿಸಿತು. ಅವಳ ಎರಡೂ ಕಾಲು ಮರವಾದವು. ಸಿಂಹಾಸನದಿಂದ ದೊರೆ ಎದ್ದು ಓಡಿಬಂದ. ಅವಳು ಕೈಯೆತ್ತಿ ತಡೆದಳು.

ಗದೆ ಮತ್ತೆ ಮೇಲೆದ್ದಿತು. ಬಾಳವ್ವ, "ಹುಲಿ ನಮ್ಮ ಮುಂದೆ ನಿಲ್ಲುತ್ತದೆ" ಎಂದು ಕವಡೆ ಎಸೆದಳು. ಮೂರು ತೆರೆದವು. ಎರಡು ತಲೆಯ ಹುಲಿ ಚಂಗನೆ ಹಾರಿ ರಾಕ್ಷಸನ ಎದುರು ನಿಂತಿತು. ಗದೆ ಗಾಳಿಯಲ್ಲೇ ನಿಂತಿತು. ಆ ಒಂದು ಗಳಿಗೆಯಲ್ಲಿ ಮಾಣಿಕದೇವಿ ಯೋಚಿಸಿದಳು. ಇವನಿಂದ ತಮಗೆ ಬೇಕಾದುದನ್ನೇ ಎಲ್ಲರೂ ಕೇಳಿದರು, ನಾನೂ ಕೇಳಿದೆ. ಇವನ ಪಾಡೇನು ಎಂದು ಯಾರೂ ಕೇಳಲಿಲ್ಲವಲ್ಲ.

"ಲೋಹಾಸುರ, ನಿನ್ನನ್ನು ಒಂದು ಮಾತು ಕೇಳುತ್ತೇನೆ" ಎಂದಳು. "ಪ್ರತಿ ಸಲ ನೀನೇ ಗೆಲ್ಲುತ್ತೀಯ. ಗೆದ್ದ ಮೇಲೆ ನಿನಗೇನಾಗುತ್ತದೆ?"

ಕವಡೆ ಎಸೆದಳು. ಆರಕ್ಕೆ ಆರೂ ತೆರೆದವು.

ಲೋಹಾಸುರ ಉತ್ತರ ಹುಡುಕಿದ, ಸಿಗಲಿಲ್ಲ. ನಿಧಾನವಾಗಿ ಕತ್ತೆತ್ತಿ, ಮೊದಲ ಸಲ, ಹರಿವಾಣದ ಮೇಲೆ ಬಾಗಿದ್ದ ಮಾಂತ್ರಿಕನ ಮುಖ ನೋಡಿದ. "ಹೇಳು. ಗೆದ್ದ ಮೇಲೆ ನನಗೇನಾಗುತ್ತದೆ?"

ಕೇಳಿದ್ದಕ್ಕೆ ಅಂಜನಕೇತು ಉತ್ತರ ಕೊಡಲೇಬೇಕಿತ್ತು. "ಮರಳನ್ನು ಕೈಯಿಂದ ಸವರಿ ಸಮ ಮಾಡುತ್ತೇನೆ" ಎಂದ.

"ನಾನು?"

"ನೀನೂ ಮರಳು."

"ನಿಂಗಯ್ಯ?"

"ಅವನೂ."

"ಅವನ ಮಗಳ ಮದುವೆ ಸೋಮವಾರ" ಎಂದ ಲೋಹಾಸುರ.

ಮಾಂತ್ರಿಕ ಓಲೆಗಳನ್ನು ಹಿಂದಕ್ಕೂ ಮುಂದಕ್ಕೂ ಮಗುಚಿದ. "ಗದೆ ಎತ್ತು. ನೀನು ಗದೆ ಎತ್ತುತ್ತೀಯ ಎಂದು ಇಲ್ಲಿ ಬರೆದಿದೆ."

"ಬರೆದಿರಬಹುದು. ನಾನು ಎತ್ತುವುದಿಲ್ಲ."

ಲೋಹಾಸುರ ಗದೆಯನ್ನು ನೆಲಕ್ಕಿಟ್ಟ. ತಿರುಗಿ ಕೆಂಪು ಬಾಗಿಲಿಗೆ ತನ್ನ ಹೆಗಲನ್ನೇ ಕೊಟ್ಟು ತಳ್ಳಿದ. ಬಾಗಿಲು ತೆರೆಯಿತು. ಒಳಗಿಂದ ಬೆಳಕು ಉಕ್ಕಿ ಹರಿವಾಣ ತುಂಬಿ, ಸಭೆ ತುಂಬಿ, ಗೂಡಿನವರೆಗೂ ಹರಿಯಿತು.

ಗೊಂಬೆಗಳು ಒಂದೊಂದಾಗಿ ಗೂಡಿನಿಂದ ಜಿಗಿದವು. ನೆಲ ಮುಟ್ಟುವಷ್ಟರಲ್ಲಿ ಮನುಷ್ಯರಾದವು. ಚೆನ್ನಿಗನ ಕೈಯಲ್ಲಿ, ಮಾಣಿಕದೇವಿಯ ಕಾಲುಗಳಲ್ಲಿ ರಕ್ತ ಹರಿಯಿತು. ಓಲೆಯ ಮೇಲಿನ ಅಕ್ಷರಗಳು ಇರುವೆಗಳಂತೆ ಸಾಲು ಕಟ್ಟಿ ಕೆಳಗಿಳಿದು ಬಾಗಿಲ ಕಡೆ ಹೊರಟವು. ಅಂಜನಕೇತು ಅವನ್ನು ಬಾಚಿಕೊಳ್ಳುತ್ತ ಬಗ್ಗಿ ಬಗ್ಗಿ ಅವುಗಳ ಹಿಂದೆ ಹೋದ. ಅರಮನೆ ದಾಟಿದ, ಊರ ಗಡಿ ದಾಟಿದ. ಆಮೇಲೆ ಅವನನ್ನು ಯಾರೂ ಕಾಣಲಿಲ್ಲ.

ತುಂಗಿ ತಾಯಿಯ ಎದುರು ಬಂದು ನಿಂತಳು. "ಅವ್ವ, ನಾನು ಆ ರಾಕ್ಷಸನಿಗೆ ಹನ್ನೆರಡು ಬಾಣ ಬಿಟ್ಟೆ. ಒಂದೂ ನಾಟಲಿಲ್ಲ."

"ಇರಲಿ ಬಿಡು" ಎನ್ನುತ್ತ ಬಾಳವ್ವ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಸೊರಗಿದ್ದೀಯ. ನಡಿ, ಊಟ ಮಾಡುವಿಯಂತೆ."

ಮರಳನ್ನು ಯಾರೂ ಸವರಲಿಲ್ಲ. ಹರಿವಾಣವನ್ನು ಅಲುಗದಂತೆ ಎತ್ತಿಸಿಕೊಂಡು ಹೋಗಿ, ಮಾಣಿಕದೇವಿ ಬೆಟ್ಟದಾಚೆಯ ಬಯಲಿನಲ್ಲಿ ಇಡಿಸಿದಳು. ಬಿಸಿಲು ಬಿದ್ದಂತೆಲ್ಲ ಅದು ಬೆಳೆಯಿತು. ಸೋಮವಾರದ ಹೊತ್ತಿಗೆ ಅದೊಂದು ಊರಾಗಿತ್ತು, ಮಳೆಗಾಲ ಕಳೆಯುವಷ್ಟರಲ್ಲಿ ಒಂದು ನಾಡೇ ಆಗಿತ್ತು. ಎರಡೂ ನಾಡಿನ ನಡುವೆ ದಾರಿ ಬಿತ್ತು, ಹೆಣ್ಣು ಗಂಡು ಕೊಟ್ಟು ತರುವುದೂ ಶುರುವಾಯಿತು. ವೀರಸೋಮನ ನಂತರ ಮಾಣಿಕದೇವಿ ಪಟ್ಟಕ್ಕೆ ಬಂದಳು. ಅವಳ ಪಟ್ಟಾಭಿಷೇಕಕ್ಕೆ ಲೋಹಾಸುರ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಮಿರಮಿರ ಮಿಂಚುತ್ತ ಬಂದು, ಮೊದಲ ಪಂಕ್ತಿಯಲ್ಲಿ ಕುಳಿತು, ಇನ್ನೂರು ಹೋಳಿಗೆ ತಿಂದ. ಬಡಿಸುವವರು ಸಾಕೇ ಎಂದು ಕೇಳಿದರೆ ನಾಚಿ ತಲೆ ತಗ್ಗಿಸಿದ, ಎಲೆ ಮಾತ್ರ ಮುಂದಕ್ಕೆ ಸರಿಸಿದ. ಅವರಿಗೆ ಅಲ್ಲಿ, ನಮಗೆ ಇಲ್ಲಿ, ಎಲ್ಲರಿಗೂ ಸುಖವಾಯಿತು.