ಅಪ್ಪನ ಕುರ್ಚಿಯ ದುಡ್ಡು

"ಇವತ್ತು ಬರಲಿ ಆಯಮ್ಮ, ಗ್ರಹಚಾರ ಬಿಡಿಸಿಬಿಡ್ತೀನಿ!"

ಅಪ್ಪ ಕತ್ತರಿ ಆಡಿಸುತ್ತಲೇ ಗುಡುಗಿದರು. ಕುರ್ಚಿಯಲ್ಲಿ ಕೂತಿದ್ದ ಪೋಸ್ಟ್‌ಮ್ಯಾನ್ ಮಾಮ ಬೆಚ್ಚಿಬಿದ್ದು ಎರಡೂ ಕಿವಿ ಮುಚ್ಚಿಕೊಂಡರು.

"ನನ್ನ ಕಿವಿ ಏನು ಪಾಪ ಮಾಡಿತ್ತಪ್ಪಾ?"

ಬೆಂಚಿನ ಮೇಲೆ ಹೋಮ್‌ವರ್ಕ್ ಹರಡಿಕೊಂಡಿದ್ದ ರೇಡಿಯೋ ನಗಲಿಲ್ಲ. ರೇಡಿಯೋ ಅಂದರೆ ಅಪ್ಪನ ಮಗಳು, ಐದನೇ ಕ್ಲಾಸು. ಸ್ಕೂಲಿನಿಂದ ಸೀದಾ ಅಪ್ಪನ ಕಟಿಂಗ್ ಶಾಪಿಗೆ ಬಂದು ಕೂರುವಳು. ಗಿರಾಕಿಗಳ ಮಾತೆಲ್ಲ ಕೇಳಿಸಿಕೊಂಡು, ಮನೆಯಲ್ಲಿ ಅಮ್ಮನ ಮುಂದೆ ಒಂದಕ್ಷರ ಬಿಡದೆ ಒಪ್ಪಿಸುವಳು. ಅದಕ್ಕೇ ಆ ಹೆಸರು.

"ಏನು ರೇಡಿಯೋ, ಇವತ್ತು ಸ್ಟೇಷನ್ ಬಂದ್ ಆಗಿದೆಯಾ?" ಅಂದರು ಪೋಸ್ಟ್‌ಮ್ಯಾನ್ ಮಾಮ.

ಅವಳು ಲೆಕ್ಕದ ಪುಸ್ತಕದೊಳಗೆ ಮೂಗು ತೂರಿಸಿದಳು. ಕಿವಿ ಬಿಸಿಯಾಗಿತ್ತು.

ವಿಷಯ ಏನಪ್ಪಾ ಅಂದರೆ, ಅಂಗಡಿಯ ಕುರ್ಚಿ ಕೆಟ್ಟಿತ್ತು. ಗಿರಾಕಿಯನ್ನು ಮೇಲೆತ್ತಿ ಕೂರಿಸಿದರೆ, ಅರ್ಧ ಕಟಿಂಗ್ ಆಗುವಷ್ಟರಲ್ಲಿ ಅದು ಮೆಲ್ಲಗೆ ಕೆಳಗಿಳಿದುಬಿಡುತ್ತಿತ್ತು. ಕುರ್ಚಿ ಇಳಿದಂತೆಲ್ಲ ಅಪ್ಪನೂ ಬಗ್ಗಬೇಕು. ದಿನಕ್ಕೆ ಇಪ್ಪತ್ತು ತಲೆ. ಹೊಸ ಕುರ್ಚಿಗೆಂದು ಅಪ್ಪ ಎರಡು ವರ್ಷ ಕಷ್ಟಪಟ್ಟು ಮೂವತ್ತು ಸಾವಿರ ಕೂಡಿಟ್ಟಿದ್ದರು. ಆರ್ಡರ್ ಕೊಟ್ಟ ಕುರ್ಚಿ ಬರಲು ನಾಲ್ಕು ತಿಂಗಳು ಬೇಕಿತ್ತು. ಅಲ್ಲಿಯವರೆಗೆ ದುಡ್ಡು ಎಲ್ಲಿಡೋದು ಅಂತ ಮ್ಯೂಚುವಲ್ ಫಂಡ್ ಏಜೆಂಟ್ ಅಕ್ಕನನ್ನು ಕೇಳಿದ್ದರು.

ಅಕ್ಕ ಇದೇ ಬೆಂಚಿನ ಮೇಲೆ ಕೂತು ಬಿಡಿಸಿ ಹೇಳಿದ್ದಳು. "ನೋಡಿ ಅಣ್ಣ, ಸಾವಿರಾರು ಜನರ ದುಡ್ಡು ಒಟ್ಟು ಸೇರಿಸಿದ್ರೆ ಒಂದು ಫಂಡ್. ಕೆಲವು ಫಂಡ್ ಆ ದುಡ್ಡಲ್ಲಿ ಕಂಪನಿಗಳ ಷೇರು ಕೊಳ್ತವೆ. ಷೇರು ಇವತ್ತು ಏರತ್ತೆ, ನಾಳೆ ಇಳಿಯತ್ತೆ. ಎಷ್ಟೋ ವರ್ಷ ಮುಟ್ಟದೆ ಬಿಡೋ ದುಡ್ಡಾದ್ರೆ ಅಲ್ಲಿ ಹಾಕಬಹುದು. ನಿಮಗೆ ನಾಲ್ಕೇ ತಿಂಗಳಲ್ಲಿ ಬೇಕಲ್ವಾ? ಲಿಕ್ವಿಡ್ ಫಂಡ್‌ಗೆ ಹಾಕಿ. ಅಲ್ಲಿ ಸ್ವಲ್ಪ ದಿನಕ್ಕೆ ಸಾಲ ಕೊಟ್ಟು ಬಡ್ಡಿ ತರ್ತಾರೆ. ಜಾಸ್ತಿ ಬೆಳೆಯಲ್ಲ, ಜಾಸ್ತಿ ಅಲ್ಲಾಡೋದೂ ಇಲ್ಲ."

ಫಂಡಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋದಳು. ಅಪ್ಪನ ಕೈತುಂಬ ಶೇವಿಂಗ್ ನೊರೆ. "ಪುಟ್ಟಿ, ಆ ಫಂಡಿಗೆ ದುಡ್ಡು ಹಾಕೋದು ನೀನೇ ಒತ್ತಮ್ಮ" ಅಂತ ಫೋನ್ ಕೊಟ್ಟರು.

ಅದೇ ವಾರ ಟೈ ಹಾಕಿದ ಅಂಕಲ್ ಒಬ್ಬರು, "ನನ್ನ ಫಂಡು ಒಂದೇ ವರ್ಷಕ್ಕೆ ನಲವತ್ತು ಪರ್ಸೆಂಟ್!" ಅಂತ ಜಂಬ ಕೊಚ್ಚಿಕೊಂಡಿದ್ದರು. ರೇಡಿಯೋ ಮನಸ್ಸಿನಲ್ಲೇ ಗುಣಿಸಿದಳು. ಮೂವತ್ತು ಸಾವಿರಕ್ಕೆ ವರ್ಷಕ್ಕೆ ಹನ್ನೆರಡು ಸಾವಿರ! ನಾಲ್ಕು ತಿಂಗಳಿಗೆ ನಾಲ್ಕು ಸಾವಿರ! ಅಪ್ಪನಿಗೆ ಎಂಥಾ ಸರ್‌ಪ್ರೈಸ್! ಚೀಟಿಯನ್ನು ಜೇಬಿಗೆ ತುರುಕಿ, ಅಂಕಲ್ ಹೇಳಿದ ಷೇರಿನ ಫಂಡನ್ನೇ ಒತ್ತಿಬಿಟ್ಟಳು.

ನಾಲ್ಕು ತಿಂಗಳು ಕಳೆದು ಇವತ್ತು ಬೆಳಿಗ್ಗೆ ಅಪ್ಪ ನೋಡಿದರೆ ಅಲ್ಲಿರುವುದು ಇಪ್ಪತ್ನಾಲ್ಕು ಸಾವಿರ.

"ನೀನು ಸರಿಯಾಗೇ ಒತ್ತಿದ್ದೆ ತಾನೆ?" ಅಂತ ಕೇಳಿದ್ದರು. ಅವಳು ಹೂಂ ಅಂದಿದ್ದಳು. ಅಪ್ಪ ಎರಡನೇ ಸಲ ಕೇಳಲಿಲ್ಲ. ಮಗಳ ಮೇಲೆ ಅಷ್ಟು ನಂಬಿಕೆ.

ಬಾಗಿಲು ಕಿರ್ ಅಂದಿತು. ಏಜೆಂಟ್ ಅಕ್ಕ ಹೆಲ್ಮೆಟ್ ಕಳಚುತ್ತಾ ಒಳಗೆ ಬಂದಳು. "ಏನಣ್ಣ, ಫೋನ್ ಮಾಡಿದ್ರಲ್ಲ? ಕುರ್ಚಿ ಬಂತಾ?"

"ಎಲ್ಲಿಂದ ಬರತ್ತಮ್ಮ? ಆರು ಸಾವಿರ ನುಂಗಿ ನೀರು ಕುಡಿದ್ರಲ್ಲ!"

ಕಾಯುತ್ತಿದ್ದ ಇಬ್ಬರು ಗಿರಾಕಿಗಳು ಪೇಪರ್ ಕೆಳಗಿಳಿಸಿ ನೋಡಿದರು. ಅಕ್ಕನ ಮುಖ ಕೆಂಪಾಯಿತು.

"ಅಣ್ಣ, ನಾನು ಚೀಟಿ ಬರೆದು..."

"ಎಲ್ಲಿದೆ ಚೀಟಿ? ಹೇಳೋದು ಒಂದು, ಮಾಡೋದು ಇನ್ನೊಂದು! ಈ ಬೀದೀಲಿ ಇನ್ನು ಯಾರೂ ನಿಮ್ಮನ್ನ ನಂಬಬಾರದು. ಬಂದ ಗಿರಾಕಿಗಳಿಗೆಲ್ಲ ಹೇಳ್ತೀನಿ."

ಅಕ್ಕ ಹೆಲ್ಮೆಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

ರೇಡಿಯೋಗೆ ಬೆಂಚಿನ ಕೆಳಗೆ ತೂರಿಕೊಂಡುಬಿಡೋಣ ಅನ್ನಿಸಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕ ಹೊರಟುಹೋಗುತ್ತಾಳೆ, ಅಷ್ಟೇ. ಆಗಲೇ ಅವಳು ಬಾಗಿಲ ಕಡೆ ತಿರುಗಿದ್ದಳು.

"ನಾನು ಒತ್ತಿದ್ದು!"

ದನಿ ಕೀರಲಾಗಿ ಬಂತು. "ಅಕ್ಕ ಹೇಳಿದ್ದನ್ನ ಒತ್ತಲಿಲ್ಲ. ಟೈ ಅಂಕಲ್ ಹೇಳಿದ್ದನ್ನ ಒತ್ತಿದೆ. ಬೆಳಿಗ್ಗೆ... ಬೆಳಿಗ್ಗೆ ಸುಳ್ಳು ಹೇಳಿದೆ ಅಪ್ಪ."

ಕತ್ತರಿ ನಿಂತಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಕುರ್ಚಿ ಮಾತ್ರ ಪೋಸ್ಟ್‌ಮ್ಯಾನ್ ಮಾಮನನ್ನು ಹೊತ್ತುಕೊಂಡು ತನ್ನ ಪಾಡಿಗೆ ಇಳಿಯುತ್ತಿತ್ತು.

ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅಕ್ಕನ ಮುಂದೆ ಹೋಗಿ ನಿಂತು, ಎಲ್ಲರ ಎದುರಿಗೇ ತಲೆ ತಗ್ಗಿಸಿದರು.

"ತಪ್ಪಾಯ್ತಮ್ಮ. ವಿಚಾರಿಸದೆ ಬಾಯಿಗೆ ಬಂದ ಹಾಗೆ ಮಾತಾಡ್ಬಿಟ್ಟೆ."

ಅಪ್ಪ ಯಾರ ಮುಂದೆಯೂ ಹಾಗೆ ನಿಂತದ್ದನ್ನು ರೇಡಿಯೋ ನೋಡಿರಲಿಲ್ಲ. ನಾಚಿಕೆಯಿಂದ ಅವಳಿಗೆ ಅಳುವೇ ಬಂದುಬಿಟ್ಟಿತು.

"ಇರಲಿ ಬಿಡಿ ಅಣ್ಣ." ಅಕ್ಕ ಸುಧಾರಿಸಿಕೊಂಡು ಬೆಂಚಿನ ತುದಿಯಲ್ಲಿ ಕೂತಳು. "ಈಗ ತೆಗೆದ್ರೆ ಆರು ಸಾವಿರ ಹೋದ ಹಾಗೇ. ಬಿಟ್ರೆ ಏರಬಹುದು. ಆದ್ರೆ ಯಾವಾಗ ಅಂತ ಯಾರೂ ಹೇಳೋಕಾಗಲ್ಲ, ಇನ್ನೂ ಇಳಿದ್ರೂ ಇಳೀಬಹುದು. ಕುರ್ಚಿ ಎಷ್ಟು ಅರ್ಜೆಂಟು?"

ಅಪ್ಪ ಒಂದು ಸಲ ಮಗಳ ಕಡೆ ನೋಡಿದರು.

"ಅರ್ಜೆಂಟೇನಿಲ್ಲ, ಆರ್ಡರ್ ಸದ್ಯಕ್ಕೆ ಬೇಡ ಅಂತೀನಿ. ಆ ದುಡ್ಡು ಇವಳ ಕಾಲೇಜಿಗೆ ಇರಲಿ. ಅದಕ್ಕೆ ಇನ್ನೂ ಏಳೆಂಟು ವರ್ಷ ಇದೆ. ಕುರ್ಚಿಗೆ ಮೊದಲಿಂದ ಕೂಡಿಸ್ತೀನಿ, ನೀವು ಹೇಳಿದ ಫಂಡಲ್ಲೇ."

"ಸೊಂಟ ನೋವು ಅಂತಿದ್ರಿ?"

"ನನಗೇನಮ್ಮಾ, ಗುಂಡುಕಲ್ಲಿನ ಹಾಗಿದ್ದೀನಿ!" ಅಪ್ಪ ನಕ್ಕರು. ಗಿರಾಕಿಗಳೂ ನಕ್ಕರು.

ಅಕ್ಕ ಹೊರಟಾಗ ರೇಡಿಯೋ ಅವಳ ಹಿಂದೆಯೇ ಸ್ಕೂಟರಿನವರೆಗೆ ಓಡಿದಳು. "ಸಾರಿ ಅಕ್ಕ" ಅನ್ನುವಷ್ಟರಲ್ಲಿ ಮೂಗು ಸೋರತೊಡಗಿತ್ತು.

ಅಕ್ಕ ಹೆಲ್ಮೆಟ್ ಹಾಕಿಕೊಂಡು, "ನಾನು ಬಾಗಿಲು ದಾಟೋಕೆ ಮುಂಚೆ ಹೇಳಿದೆಯಲ್ಲ" ಅಂದು ಹೊರಟಳು.

ರೇಡಿಯೋ ವಾಪಸ್ ಬಂದು ಗಾಜಿನ ಬಾಗಿಲ ಹೊರಗೇ ನಿಂತಳು. ಒಳಗೆ ಅಪ್ಪ ಗಿರಾಕಿಗಳಿಗೆ ಬೆನ್ನು ಮಾಡಿ, ಕೆಳಗಿನ ಶೆಲ್ಫಿನಿಂದ ಪೌಡರ್ ಡಬ್ಬಿ ತೆಗೆಯಲು ಬಗ್ಗಿದ್ದರು. ಡಬ್ಬಿ ಕೈಗೆ ಸಿಕ್ಕಿತು. ಆದರೆ ಅಪ್ಪ ಏಳಲಿಲ್ಲ. ಗೋಡೆಗೆ ಕೈಯೂರಿ, ಹಲ್ಲು ಕಚ್ಚಿ, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಸ್ವಲ್ಪಸ್ವಲ್ಪವೇ ಮೇಲೆದ್ದರು.

ಕಣ್ಣು ತೆರೆದರೆ ಗಾಜಿನಾಚೆ ಮಗಳು. ಅಪ್ಪ ತಟ್ಟನೆ ನೆಟ್ಟಗೆ ನಿಂತು ನಕ್ಕರು.

ಆರು ಸಾವಿರ ಅಂದರೆ ಎಷ್ಟು ಅಂತ ರೇಡಿಯೋಗೆ ಆಗ ಗೊತ್ತಾಯಿತು.